ಐದನೆಯ ಕೇಸರ ಹುಡುಕಿ ಹೊರಟ ಗುರುಬಾಯಿ

ಬೆಳಗಿನ ಆರೂವರೆ. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟ್ ಹಿಂದಿನ ಬಂಡೆಯ ಮೇಲೆ ಗುರುಬಾಯಿ ಮಂಡಿಯೂರಿ ಕೂತಿದ್ದಾರೆ. ಹೆಗಲಿಗೆ ಸಿಕ್ಕಿಸಿದ ಕೊಡೆ ಕಾಗದದ ಕಡೆಗೆ ವಾಲಿದೆ, ಬೆನ್ನು ನೆನೆಯುತ್ತಿದೆ. ಎದುರಿಗೆ, ಕಲ್ಲಿನ ಬಿರುಕಿನಲ್ಲಿ, ನಸುನೇರಳೆ ಹೂ ಬಿಟ್ಟ ಒಂದೇ ಒಂದು ಕಾಡೆಳ್ಳಿನ ಗಿಡ.

ಐವತ್ತೆರಡರ ಗುರುಬಾಯಿ ಇಂಡಿ ತಾಲೂಕಿನವರು. ಕಟ್ಟಡದ ಕೆಲಸಕ್ಕೆಂದು ಗಂಡನ ಜತೆ ಬಂದವರು. ಗಂಡ ತೀರಿಕೊಂಡ ಮೇಲೆ ಇಲ್ಲಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಕಸ ಗುಡಿಸಲು ಸೇರಿದರು. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸುವ ಕೆಲಸವೂ ಅವರ ಪಾಲಿಗೆ ಬಂತು. "ಒಣಗಿದ ಮ್ಯಾಲ ಎಲ್ಲಾ ಹೂವೂ ಚಹಾಪುಡಿ ಬಣ್ಣ ಆಕ್ಕಾವ್ರೀ. ಜೀವ ಇದ್ದಾಗ ಹ್ಯಾಂಗಿತ್ತು ಅಂತ ಯಾರಿಗೆ ಗೊತ್ತಾಗಬೇಕು? ಅದಕ್ಕ ಚಿತ್ರ ಬರಿಯಾಕ ಹತ್ತಿದೆ."

ಹದಿನಾಲ್ಕು ವರ್ಷದಲ್ಲಿ ಇನ್ನೂರ ಹನ್ನೊಂದು ಕಾಡುಹೂಗಳಾಗಿವೆ. ಒಂದೊಂದಕ್ಕೆ ನಾಲ್ಕೈದು ಬೆಳಗು. ದಹಿಸರ್‌ನ ಚಾಳಿನಿಂದ ನಸುಕಿನ ಲೋಕಲ್ ರೈಲು ಹಿಡಿದು ಬರುತ್ತಾರೆ, ಒಂಬತ್ತಕ್ಕೆ ಕಾಲೇಜಿನಲ್ಲಿರಬೇಕು.

ಕಳೆದ ವರ್ಷ ಅಧ್ಯಾಪಕಿ ವೈಶಾಲಿ, ತಾವು ಸಿದ್ಧಪಡಿಸುತ್ತಿರುವ ಕಾಡುಹೂಗಳ ಕೈಪಿಡಿಗಾಗಿ ಈ ಚಿತ್ರಗಳನ್ನು ತಜ್ಞರೊಬ್ಬರಿಗೆ ಕಳಿಸಿದರು. ಕಾಡೆಳ್ಳಿನ ಹಾಳೆ ಕೆಂಪು ಗೆರೆ ಹೊತ್ತು ವಾಪಸಾಯಿತು. ನಾಲ್ಕು ಕೇಸರಗಳ ಹಿಂದೆ ಪರಾಗವಿಲ್ಲದ ಐದನೆಯದೊಂದು ಇರುತ್ತದೆ, ಅದು ಚಿತ್ರದಲ್ಲಿಲ್ಲ ಎಂದಿತ್ತು ಟಿಪ್ಪಣಿ.

"ಮಾವಶಿ, ಟೆನ್ಶನ್ ಬೇಡ. ಇದೊಂದಕ್ಕೆ ಫೋಟೋ ಹಾಕೋಣ," ಅಂದರು ವೈಶಾಲಿ.

"ಬ್ಯಾಡ್ರೀ ಮೇಡಂ. ಫೋಟೋದಾಗ ನನ್ನ ತಪ್ಪು ಮುಚ್ಚಿ ಹೋಕ್ಕೈತಿ. ನಾನ ನೋಡಿ ತಿದ್ದತೀನಿ."

ಅಷ್ಟರಲ್ಲಿ ಹೂವಿನ ಕಾಲ ಮುಗಿದಿತ್ತು. ಮುಂದಿನ ಮಳೆಗೆ ಕಾಯಬೇಕಾಯಿತು. ಮಳೆಗೆ ಮುಂಚೆಯೇ ಜೆಸಿಬಿ ಬಂತು. ಹೊಸ ಟವರ್‌ಗಾಗಿ ಅರ್ಧ ಬಂಡೆ ಒಡೆದುಹೋಯಿತು. ಈ ಆಗಸ್ಟ್‌ನಲ್ಲಿ ಉಳಿದರ್ಧವನ್ನು ಮೂರು ಬೆಳಗು ಜಾಲಾಡಿದ ಮೇಲೆ ಸಿಕ್ಕಿದ್ದೇ ಈ ಗಿಡ.

ಅವರ ಬಗ್ಗೆ ಬರೆಯಲು ಜತೆಗೆ ಬಂದ ನಾನು ನೋಡುತ್ತಿರುವಂತೆ, ಉದುರಿದ ಹೂವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತಾರೆ. ಭೂತಗನ್ನಡಿ ಹಿಡಿಯುತ್ತಾರೆ.

"ಐತ್ರೀ," ಅನ್ನುತ್ತಾರೆ ಮೆಲ್ಲಗೆ. "ಕೂದಲೆಳಿಯಷ್ಟು. ಅವರು ಹೇಳಿದ್ದು ಖರೇ. ನಾ ಹೋದ ವರ್ಷ ಬರೇ ಚಂದ ನೋಡಿದ್ದೆ."

ಪೆನ್ಸಿಲು ಚೂಪು ಮಾಡಿಕೊಂಡು ಹೊಸ ಹಾಳೆಯಲ್ಲಿ ಮೊಗ್ಗು, ಹೂ, ಸೀಳಿದ ಹೂ, ಕಾಯಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆಯತೊಡಗುತ್ತಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು ಎಂದು ಕೇಳಿದೆ.

"ಹೆಸರು ಸಣ್ಣದಿದ್ರೂ ನಡೀತದ. ಮುಂದಿನ ವರ್ಷ ಈ ಜಾಗಾ ಇರಂಗಿಲ್ಲ. ನನ್ನ ಹಾಳಿ ನೋಡಿದವರು ಬ್ಯಾರೆ ಎಲ್ಲಿಯರ ಈ ಗಿಡದ ಗುರುತು ಹಿಡದ್ರ ಸಾಕ್ರೀ."