ನಾಗಮ್ಮ ಕೈ ಸಡಿಲ ಮಾಡಿದ್ದು

ಚಳ್ಳಕೆರೆ ಕಡೆಯ ಕುರುಬರ ಮನೆಗಳಲ್ಲಿ ಉಣ್ಣೆ ನೂಲುವುದು ಹೆಂಗಸರ ಕೆಲಸ, ಮಗ್ಗಕ್ಕೆ ಕೂರುವುದು ಗಂಡಸರ ಕೆಲಸ. ಹಾಗಾಗಿ ನಾಗಮ್ಮ ಮೊದಲ ಸಲ ಮಗ್ಗದ ಮುಂದೆ ಕೂತದ್ದು ತನ್ನೂರಲ್ಲಲ್ಲ, ವಿಜಯವಾಡದ ಪಟಮಟದಲ್ಲಿ. ಆಗಲೇ ಅವಳ ತಲೆಯಲ್ಲಿ ಒಂದೆರಡು ಬಿಳಿಗೂದಲು ಇಣುಕಿದ್ದವು. ಅವಳ ಗಂಡ ದೊಡ್ಡಯ್ಯ ಕೈಮಗ್ಗದ ಮೇಳಕ್ಕೆಂದು ಕಂಬಳಿ ಹೊತ್ತು ಆ ಊರಿಗೆ ಹೋದವನು. ಬೆವರು ಹಿಂಡುವ ಆ ಊರಲ್ಲಿ ಕಂಬಳಿ ಯಾರಿಗೆ ಬೇಕು! ಆದರೆ ಸೂರ್ಯಪ್ರಕಾಶ ಎಂಬ ತೆಲುಗಿನ ಯುವಕನೊಬ್ಬ ಬಂದು, ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆದು ನೋಡಿ, "ನಾನು ರತ್ನಗಂಬಳಿ ಕಂಪನಿ ಶುರು ಮಾಡ್ತಿದೀನಿ. ಉಣ್ಣೆ ಬಲ್ಲವರು ಬೇಕು, ಬರ್ತೀರಾ?" ಎಂದ. ಅದು ಎರಡು ಸಾವಿರದ ಇಸವಿ. ದೊಡ್ಡಯ್ಯ ಬಣ್ಣದ ಹಂಡೆಗೆ ನಿಂತ. ಮಗ್ಗಕ್ಕೆ ಕೈ ಸಾಲದೆ ನಾಗಮ್ಮನೂ ಅದರ ಮುಂದಿನ ಕೂರುಹಲಗೆ ಹತ್ತಿದಳು.

ಕಂಪನಿ ಅಂದರೆ ಆಗ ಒಂದು ತಗಡಿನ ಶೆಡ್ಡು, ಎರಡು ಮಗ್ಗ. ಏಲೂರಿನಿಂದ ಬಂದಿದ್ದ ಕಾಮೇಶ್ವರ ಎಂಬ ಹಳೆಯ ನೇಕಾರ ಗಂಟು ಹಾಕುವುದನ್ನು ಕಲಿಸುತ್ತಿದ್ದ. ಹಾಸಿನ ಎರಡು ಎಳೆಗೆ ಉಣ್ಣೆಯ ಒಂದು ಗಂಟು. ಒಂದು ಸಾಲು ಗಂಟು ಮುಗಿದರೆ ಹೊಕ್ಕಿನ ದಾರ, ಅದರ ಮೇಲೆ ಪಂಜದ ಪೆಟ್ಟು. ಪಂಜವೆಂದರೆ ಬಾಚಣಿಗೆಯ ಹಾಗೆ ಹಲ್ಲಿರುವ ಭಾರವಾದ ಕಬ್ಬಿಣ. ಒಂದು ಹಲಗೆಗೆ ಇಬ್ಬರು, ಅರ್ಧ ಇವಳದು, ಅರ್ಧ ಅವಳದು. ಇಬ್ಬರ ಕೈಯ ಬಿಗಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಸಡಿಲ ಕೈಯವಳ ಕಡೆ ಸಾಲು ಏರುತ್ತದೆ, ಬಿಗಿ ಕೈಯವಳ ಕಡೆ ಇಳಿಯುತ್ತದೆ.

"ಮದುವೆಗೆ ಜಾತಕ ನೋಡ್ತಾರೆ, ಹಲಗೆಗೆ ಕೈ ನೋಡ್ಬೇಕು" ಎಂದು ಕಾಮೇಶ್ವರ ಹೆಂಗಸರನ್ನು ಅದಲುಬದಲು ಕೂರಿಸಿ ನೋಡಿದ. ನಾಗಮ್ಮನ ಕೈ ಹೊಂದಿದ್ದು ಹೈಮಾವತಿಯ ಕೈಗೆ.

ಹೈಮಾವತಿಯ ತವರು ಮಡಕಶಿರ. ಅಲ್ಲಿ ಮನೆಯೊಳಗೆ ಕನ್ನಡ. ಮದುವೆಯಾಗಿ ಪಟಮಟಕ್ಕೆ ಬಂದ ಮೇಲೆ ಬರೀ ತೆಲುಗು. ಗಂಡ ತೀರಿಕೊಂಡಿದ್ದ, ಒಬ್ಬ ಮಗನಿದ್ದ. ಮೊದಲ ದಿನವೇ ಅವಳು ನಾಗಮ್ಮನ ಬಾಯಿಂದ "ಅಯ್ಯೋ ಶಿವನೇ" ಎಂಬ ಮಾತು ಕೇಳಿ, "ಅಕ್ಕಯ್ಯಾ, ಇನ್ನೊಂದ್ಸಲ ಅನ್ನು" ಎಂದು ಕೈ ಹಿಡಿದುಕೊಂಡಿದ್ದಳು. ಅಂದಿನಿಂದ ಇಬ್ಬರ ಪಂಜವೂ ಒಂದೇ ಸಲ ಬೀಳುತ್ತಿತ್ತು, ಇಬ್ಬರ ಬಾಯಿಯೂ ಒಂದೇ ಸಲ ತೆರೆಯುತ್ತಿತ್ತು. ದೊಡ್ಡಯ್ಯ ಬಣ್ಣದ ಕೈ ಒರೆಸಿಕೊಳ್ಳುತ್ತಾ, "ನನ್ ಜೊತೆ ಕೂಡದಿದ್ದ ಜಾತಕ ಅವಳ್ ಜೊತೆ ಕೂಡೈತೆ ನೋಡು" ಎಂದು ಹಂಗಿಸುತ್ತಿದ್ದ.

"ನೀನೂ ಪಂಜ ಹಿಡಿ, ನಿನ್ ಜೊತೆನೂ ಕೂಡ್ತೈತೆ" ಎನ್ನುತ್ತಿದ್ದಳು ನಾಗಮ್ಮ.

ಕಂಪನಿ ಬೆಳೆಯಿತು. ಊರ ಉಣ್ಣೆ ಹೋಗಿ ಹಡಗಿನಲ್ಲಿ ಬರುವ ಉಣ್ಣೆ ಬಂತು, ಹೂವಿನ ಎಸಳಿಗೆ ರೇಷ್ಮೆ ಬಂತು. ಹೊರದೇಶದವರು ಬಂದು ಚಪ್ಪಲಿ ಕಳಚಿ ರತ್ನಗಂಬಳಿಯ ಮೇಲೆ ಮಕ್ಕಳ ಹಾಗೆ ಉರುಳಾಡಿ ನೋಡಿದರು. ಪಟಮಟದ ಶೆಡ್ಡು ಸಾಲದೆ ಸೂರ್ಯಪ್ರಕಾಶ ವಿಶಾಖಪಟ್ಟಣದ ದುವ್ವಾಡದಲ್ಲಿ, ರಫ್ತಿನ ಕಾರ್ಖಾನೆಗಳ ನಡುವೆ, ದೊಡ್ಡ ಕಟ್ಟಡ ಕಟ್ಟಿಸಿದ. ಹಳಬರೆಲ್ಲ ಅಲ್ಲಿಗೆ ಹೊರಟರು. ಕಾಮೇಶ್ವರ ಮಾತ್ರ ವಯಸ್ಸಾಯಿತೆಂದು ಏಲೂರಿಗೆ ಹೋದ. ಹೈಮಾವತಿ ಮಗನನ್ನೂ ಸೊಸೆಯನ್ನೂ ಪಟಮಟದಲ್ಲೇ ಬಿಟ್ಟು, ಕಾರ್ಖಾನೆಗೆ ಹತ್ತಿರದ ಕೂರ್ಮನ್ನಪಾಲೆಂನಲ್ಲಿ ನಾಗಮ್ಮನ ಪಕ್ಕದ ಕೋಣೆ ಬಾಡಿಗೆಗೆ ಹಿಡಿದಳು. "ಮಗನ ಮನೇಲಿ ಕೂತು ಉಣ್ಣೋ ವಯಸ್ಸು ಇನ್ನೂ ಬಂದಿಲ್ಲ ಬಿಡಕ್ಕಯ್ಯಾ. ಕೈ ಗಟ್ಟಿ ಐತೆ" ಎಂದಳು.

ಆ ಕೈ ಸೋಲುತ್ತಿರುವುದು ಮೊದಲು ತಿಳಿದದ್ದು ನಾಗಮ್ಮನಿಗೆ. ಕಣ್ಣಿಗಲ್ಲ, ಕಿವಿಗೆ. ದುಬೈನ ಒಂದು ಹೋಟೆಲ್ಲಿಗೆಂದು ಕೈಹಾಕಿದ ದೊಡ್ಡ ರತ್ನಗಂಬಳಿ ಅದು, ಮೈತುಂಬ ತಾವರೆ. ಕೆಲಸ ಹಿಡಿದು ಕೆಲವು ತಿಂಗಳಾಗಿತ್ತು. ಒಂದು ದಿನ ಹೈಮಾವತಿಯ ಪಂಜದ ಸದ್ದು ಮೆತ್ತಗೆ ಕೇಳಿಸಿತು. ನೋಡಿದರೆ ಅವಳ ಕಡೆಯ ಸಾಲು ಒಂದು ಎಳೆಯಷ್ಟು ಮೇಲೆ ನಿಂತಿತ್ತು. ನಾಗಮ್ಮ ಬಗ್ಗಿ ತಾನೇ ಎರಡು ಪೆಟ್ಟು ಹಾಕಿದಳು.

"ನನ್ ಜಾಗಕ್ಕೂ ಬಂದ್ಯಾ ಅಕ್ಕಯ್ಯಾ? ನಿಂದು ನಿಂಗೆ ಸಾಲ್ದಾ?" ಎಂದು ನಕ್ಕಳು ಹೈಮಾವತಿ. ಅವಳಿಗೆ ಏನೂ ಗೊತ್ತಾಗಿರಲಿಲ್ಲ.

ಹೇಳಬೇಕೆಂದು ನಾಗಮ್ಮನ ಬಾಯಿವರೆಗೂ ಬಂತು. ಆದರೆ ಆ ವರ್ಷ ದುವ್ವಾಡದಲ್ಲಿ ಹೊಸ ಕಟ್ಟಳೆ ಬಂದಿತ್ತು. ಕೈ ಸೋತವರಿಗೆ ಶಾಲು ಹೊದಿಸಿ, ಸಿಹಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಹೈಮಾವತಿ ಹೋದರೆ ಅವಳು ಸೊಸೆಯ ಮನೆಯ ಮೂಲೆ ಸೇರುತ್ತಾಳೆ, ತಾನು ಯಾರ ಪಕ್ಕ ಕೂರುವುದು? ನಾಗಮ್ಮ ಸುಮ್ಮನಾದಳು. ತಾನು ಬಿಗಿಯಾಗಿ ಹೊಡೆದರೆ ತಾನೇ ಅವಳದು ಎತ್ತರ ಕಾಣುವುದು? ತನ್ನ ಪಂಜವನ್ನು ತುಸು ಮೆಲ್ಲಗೆ ಇಳಿಸಿದಳು. ಸಾಲು ನೆಟ್ಟಗಾಯಿತು. ವಾರಗಳು, ತಿಂಗಳುಗಳು ಕಳೆದ ಹಾಗೆ ಆ ಕೈ ಸೋಲುತ್ತಾ ಹೋಯಿತು, ಈ ಕೈ ಅದರ ಹಿಂದೆಯೇ ಇಳಿಯುತ್ತಾ ಹೋಯಿತು.

ನೇಯ್ದದ್ದೆಲ್ಲ ಕೆಳಗಿನ ದಿಂಡಿಗೆ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಹೊಸದಾಗಿ ನೇಯ್ದ ಒಂದಿಷ್ಟು ಭಾಗ ಮಾತ್ರ. ಮೇಲ್ವಿಚಾರಕ ಬಂದು ಸಾಲಿನ ಉದ್ದಕ್ಕೂ ದಾರ ಎಳೆದು ಹಿಡಿದು, ಸಾಲು ನೆಟ್ಟಗಿದೆಯೆಂದು ತಲೆದೂಗಿ ಹೋಗುತ್ತಿದ್ದ. ಕಂಪನಿಯ ಬಣ್ಣದ ಪುಸ್ತಕದಲ್ಲಿ ಅಚ್ಚಾಗಿದ್ದ ಫೋಟೋ ಈ ಇಬ್ಬರ ಕೈಗಳದ್ದೇ. ಅವರು ನೇಯ್ದದ್ದಕ್ಕೆ ಟೇಪು ಹಿಡಿದು ಅಳೆಯುವುದನ್ನು ಯಾವಾಗಲೋ ಬಿಟ್ಟಿದ್ದರು.

ಮಗ್ಗದಿಂದ ಇಳಿಸುವ ದಿನ ಎಂದಿನಂತೆ ಕಾಯಿ ಒಡೆದರು, ಮಗ್ಗಕ್ಕೆ ಕುಂಕುಮ ಇಟ್ಟರು. ಕೊನೆಯ ಎಳೆಗಳನ್ನು ನಾಗಮ್ಮ, ಹೈಮಾವತಿ ಸೇರಿ ಕತ್ತರಿಸಿದರು. ನಾಲ್ಕು ಜನ ಹಿಡಿದು ರತ್ನಗಂಬಳಿಯನ್ನು ನೆಲಕ್ಕೆ ಹಾಸಿದರು. ಆರಂಭದ ತಾವರೆಗಳು ದುಂಡಗಿದ್ದವು. ಬರಬರುತ್ತಾ ಉದ್ದವಾಗಿ, ಕೊನೆಯ ಸಾಲಿನ ಹೂಗಳು ಯಾರೋ ಹಿಡಿದು ಎಳೆದ ಹಾಗಿದ್ದವು.

"ಈ ತುದೀಲಿ ತಾವರೆ, ಆ ತುದೀಲಿ ಬದನೆಕಾಯಿ!" ಎಂದಳು ಲಾವಣ್ಯಾ, ಪರವಾಡದ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದವಳು. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಸೂರ್ಯಪ್ರಕಾಶ ಮೇಲಿನ ಆಫೀಸಿನಿಂದ ಇಳಿದು ಬಂದ. ಪಟಮಟದಲ್ಲಿ ಇವರ ಜೊತೆ ನೆಲಕ್ಕೆ ಕೂತು ಊಟ ಮಾಡಿದವನು. ಮಂಡಿಯೂರಿ ಎರಡೂ ತುದಿಗಳನ್ನು ಸವರಿ ನೋಡಿ, "ಯಾರ ಕೈ ಸೋತದ್ದು?" ಎಂದು ಕೇಳಿದ.

"ನಂದು" ಎಂದಳು ನಾಗಮ್ಮ.

"ಅದೆಂಗಕ್ಕಯ್ಯಾ?" ಎಂದು ಹೈಮಾವತಿ ಅವಳ ಕಡೆ ತಿರುಗಿದಳು. "ನಿನ್ ಕೈ ಸೋತಿದ್ರೆ ನಿನ್ ಕಡೆ ದಿಬ್ಬ ಏಳ್ಬೇಕಿತ್ತು. ಸಾಲು ನೆಟ್ಟಗೈತಲ್ಲ!"

ಸೂರ್ಯಪ್ರಕಾಶ ಎದ್ದು ನಿಂತ. "ಹೈಮಾವತಿಗಾರು, ನನಗೆ ಅರ್ಥವಾಯ್ತು. ಅವರ ಕೈಗೆ ತಕ್ಕ ಹಾಗೆ ನೀವು ನಿಮ್ಮ ಕೈ ಸಡಿಲ ಮಾಡಿದೀರಿ. ಪ್ರೀತಿ ಇರಲಿ, ಆದರೆ ಮಗ್ಗದ ಮೇಲೆ ಬೇಡ" ಎಂದ. ತಾನು ಹಾಗೆ ಮಾಡಿಲ್ಲವೆಂದು ಹೈಮಾವತಿ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ನಾಗಮ್ಮ ಬಗ್ಗಿ ಕತ್ತರಿಸಿ ಬಿದ್ದ ಎಳೆಗಳನ್ನು ಆಯತೊಡಗಿದಳು. ಆ ಒಂದು ಗಳಿಗೆಯಲ್ಲಿ ಅವಳು ನಿಜ ಹೇಳಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ. ಗೆಳತಿಯನ್ನು ಉಳಿಸಿದೆನೆಂದೇ ಅವಳು ತಿಳಿದಿದ್ದಳು.

ಹಳೆಯ ಋಣಕ್ಕೆ ಸೂರ್ಯಪ್ರಕಾಶ ನಾಗಮ್ಮನನ್ನು ಮನೆಗೆ ಕಳಿಸದೆ ಕುಚ್ಚು ಕಟ್ಟುವ ಕೋಣೆಗೆ ಹಾಕಿದ. ಹೈಮಾವತಿಯ ಪಕ್ಕಕ್ಕೆ ಲಾವಣ್ಯಾ ಬಂದಳು. ಎಳೆಯ ಕೈ, ಕಲ್ಲಿನಂಥ ಪೆಟ್ಟು. ವಾರ ಕಳೆಯುವುದರೊಳಗೆ ಸಾಲು ವಾಲಿತು.

"ಆಂಟೀ, ನಿಮ್ ಕಡೆ ದಿಬ್ಬ ಏಳ್ತಿದೆ ನೋಡಿ" ಎಂದಳು ಲಾವಣ್ಯಾ.

"ನೀನೇ ಜಾಸ್ತಿ ಕುಟ್ತಿದ್ದೀಯ ಕಣಮ್ಮ."

"ನಾನು ಎಲ್ಲರ ಹಾಗೇ ಹೊಡೀತಿದೀನಿ. ಬೇಕಾದ್ರೆ ಆ ಮಗ್ಗದವರನ್ನ ಕರೀರಿ."

ಹೈಮಾವತಿ ಸೆರಗು ಬಿಗಿದು, ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಪಂಜ ಎತ್ತಿದಳು. ಅದು ಬೆರಳುಗಳಿಂದ ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದು ಅವಳಿಗೆ ತಿಳಿದದ್ದು ಸದ್ದು ಕೇಳಿದ ಮೇಲೆಯೇ.

ಡಾಕ್ಟರು ಬೆರಳ ತುದಿಗಳನ್ನು ಸೂಜಿಯಿಂದ ಮುಟ್ಟಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಮೊದಲೇ ಬಂದಿದ್ದರೆ ಚಿಕ್ಕದೊಂದು ಆಪರೇಷನ್‌ನಲ್ಲಿ ಸರಿಮಾಡಬಹುದಿತ್ತು, ಈಗ ಇದ್ದದ್ದನ್ನು ಉಳಿಸಿಕೊಂಡರೆ ಸಾಕು ಎಂದರು. ಬಲ ಕಡಿಮೆಯಾದದ್ದು ಯಾವಾಗಿನಿಂದ ಎಂದು ಕೇಳಿದರು. ಈ ವಾರದಿಂದ ಎಂದಳು ಹೈಮಾವತಿ. ಡಾಕ್ಟರು ತಲೆಯಾಡಿಸಿದರು. "ಇದು ವಾರದ್ದಲ್ಲಮ್ಮಾ. ಹತ್ತಿರ ಹತ್ತಿರ ಒಂದು ವರ್ಷದ್ದು."

ಅವಳು ಅಲ್ಲಿಂದ ನೇರ ಕುಚ್ಚಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

"ನಿಂಗೆ ಗೊತ್ತಿತ್ತಾ?"

ನಾಗಮ್ಮ ಎದ್ದು ನಿಂತಳು.

"ಸಾಲು ನೆಟ್ಟಗೈತೆ ಅಂತ ನಾನು ದಿನಾ ಜಂಬ ಪಡ್ತಿದ್ದೆ ಕಣೇ. ಕೈ ಇನ್ನೂ ಹಂಗೇ ಐತೆ ಅಂತ. ಒಂದು ಮಾತು, ಒಂದೇ ಒಂದು ಮಾತು ಅಂದಿದ್ರೆ ಏನಾಗ್ತಿತ್ತು ನಿಂಗೆ?"

"ನಿನ್ನ ಕಳಿಸಿಬಿಡ್ತಾರೆ ಅಂತ ಹೆದರ್ದೆ ಕಣವ್ವ."

"ಈಗ ಏನ್, ಇಟ್ಕಂತಾರಾ?" ಎಂದು ಹೈಮಾವತಿ ಹೊರಟುಹೋದಳು. ಇಷ್ಟು ವರ್ಷಗಳಲ್ಲಿ ಅವಳು ಅಕ್ಕಯ್ಯಾ ಎನ್ನದೆ ಮಾತು ಮುಗಿಸಿದ್ದು ಅದೇ ಮೊದಲು.

ಅವಳು ಶಾಲು ಹೊದ್ದು ವಿಜಯವಾಡಕ್ಕೆ ಹೋದ ಮೇಲೆ ನಾಗಮ್ಮನಿಗೆ ಅನ್ನ ಸೇರದಾಯಿತು. ಸಂಕ್ರಾಂತಿ ಕಳೆದ ಮೇಲೆ ದೊಡ್ಡಯ್ಯನೇ, "ಹೋಗಿ ಮುಖ ಆದ್ರೂ ನೋಡ್ಕಂಡು ಬಾ. ಬಯ್ದ್ರೆ ಬಯ್ಸ್ಕಂಡು ಬಾ" ಎಂದು ದುವ್ವಾಡದಲ್ಲಿ ರೈಲು ಹತ್ತಿಸಿದ.

ಪಟಮಟದ ಮನೆಯಲ್ಲಿ ಹೈಮಾವತಿ ವರಾಂಡದ ಕುರ್ಚಿಯಲ್ಲಿ ಕೂತಿದ್ದಳು. ಬಯ್ಯಲಿಲ್ಲ. "ಬಾ, ಕೂತ್ಕೋ" ಎಂದಳು. ದೊಡ್ಡಯ್ಯ ಹೇಗಿದ್ದಾನೆ, ಲಾವಣ್ಯಾ ಪಕ್ಕ ಈಗ ಯಾರು ಕೂರುತ್ತಾರೆ ಎಂದು ವಿಚಾರಿಸಿದಳು. ಸೊಸೆ ಎರಡು ಸ್ಟೀಲ್ ಲೋಟಗಳಲ್ಲಿ ಕಾಫಿ ತಂದಿಟ್ಟು ಒಳಗೆ ಹೋದಳು. ಹೈಮಾವತಿ ಎರಡೂ ಅಂಗೈಗಳ ನಡುವೆ ಲೋಟ ಅಮುಕಿ ಎತ್ತಿದಳು. ಅದು ಅರ್ಧದಲ್ಲೇ ಓಲಾಡಿತು. ನಾಗಮ್ಮ ತಟ್ಟನೆ ಕೈ ಚಾಚಿದಳು.

"ಬೇಡ. ತೆಗಿ ಕೈ."

"ಚೆಲ್ತೈತೆ ಕಣೇ, ಸುಡ್ತೈತೆ..."

"ಚೆಲ್ಲಿದ್ರೆ ಚೆಲ್ಲಲಿ. ನನ್ ಕೈ ಎಷ್ಟೈತೆ ಅಂತ ನಂಗೇ ಗೊತ್ತಾಗ್ಲಿ."

ನಾಗಮ್ಮ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಒಂದರ ಮೇಲೊಂದು ಇಟ್ಟು ಒತ್ತಿ ಹಿಡಿದಳು. ಕಾಫಿ ಹೈಮಾವತಿಯ ಸೀರೆಯ ಮೇಲೆ ಒಂದಿಷ್ಟು ಚೆಲ್ಲಿತು. ಉಳಿದದ್ದನ್ನು ಅವಳು ನಿಧಾನವಾಗಿ, ಒಂದೊಂದೇ ಗುಟುಕಾಗಿ ಕುಡಿದಳು. ಕುಡಿದು ಮುಗಿಸುವವರೆಗೂ ನಾಗಮ್ಮ ಕೂತಲ್ಲಿಂದ ಅಲುಗಲಿಲ್ಲ.