ಗೂಟಕ್ಕೆ ನೇತುಹಾಕಿದ ಕಟಿಂಗ್ ಮಷೀನು

ಅಗ್ಗದ ಮಷೀನು ಬಾಳಿಕೆ ಬರುವುದಿಲ್ಲ ಎಂಬ ಮಾತನ್ನು ನಾನು ಯಲಬುರ್ಗಾದಲ್ಲಿಯೂ ಕೇಳಿದ್ದೇನೆ, ಗಂಗಾವತಿಯಲ್ಲಿಯೂ ಕೇಳಿದ್ದೇನೆ. ಹಾಗೆ ಹೇಳಿದವರಲ್ಲಿ ಒಂದನ್ನಾದರೂ ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ. ಕಾರಟಗಿಯ ರೈಸ್ ಮಿಲ್ಲಿನಲ್ಲಿ ಅಗ್ಗದ ಮಷೀನೇ ಒಬ್ಬ ಹಮಾಲನ ಕೈ ಉಳಿಸಿತು ಎಂಬ ಇನ್ನೊಂದು ಮಾತು ಆಮೇಲೆ ಹುಟ್ಟಿಕೊಂಡಿತು. ಆ ಮಷೀನು ನನ್ನದು. ಅದನ್ನು ಹಿಡಿದಿದ್ದವನೂ ನಾನೇ. ಈ ಎರಡನೆಯ ಮಾತನ್ನೂ ನಾನು ಪೂರ್ತಿ ಒಪ್ಪುವವನಲ್ಲ.

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ನಾನು ಆ ಮಿಲ್ಲಿನ ಫಿಟ್ಟರ್. ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿದಿತ್ತು. ಮುಂದಿನದನ್ನು ಕೆಟ್ಟ ಮೋಟಾರುಗಳಿಂದಲೂ ರದ್ದಿ ಅಂಗಡಿಯ ಪುಸ್ತಕಗಳಿಂದಲೂ ಕಲಿತಿದ್ದೆ. ಕಬ್ಬಿಣ ಕತ್ತರಿಸುವ ಆ ಮಷೀನನ್ನು ಗಂಗಾವತಿಯ ಪೇಟೆಯಲ್ಲಿ, ರಸ್ತೆಯ ಬದಿಗೆ ಗೋಣಿತಟ್ಟು ಹಾಸಿಕೊಂಡು ಕುಳಿತವನಿಂದ ಕೊಂಡೆ. ಗ್ಯಾರಂಟಿ ಕೇಳಬೇಡ ಎಂದು ಅವನು ಮೊದಲೇ ಹೇಳಿದ್ದ. ಮನೆಗೆ ತಂದು ಬಿಚ್ಚಿದರೆ, ಗೇರಿನಲ್ಲಿ ಗ್ರೀಸಿನ ಗುರುತಷ್ಟೇ ಇತ್ತು. ಹೊಸ ಗ್ರೀಸು ತುಂಬಿದೆ, ಸಡಿಲವಾಗಿದ್ದ ತಂತಿಗಳನ್ನು ಬೆಸೆದೆ. ಎಷ್ಟು ಓಡಿಸಿದರೆ ಅದರ ಮೈ ಕಾಯುತ್ತದೆ ಎಂಬುದನ್ನು ಅಂಗೈಯಿಂದಲೇ ತಿಳಿದುಕೊಂಡೆ. ಸುಟ್ಟ ವಾಸನೆ ಬರುವ ಮೊದಲೇ ನಿಲ್ಲಿಸಿದರೆ ನಾಳೆಗೂ ಇರುತ್ತಿತ್ತು. ನಿಲ್ಲಿಸದಿದ್ದರೆ ಅಂದೇ ಕೊನೆ.

ಆ ವರ್ಷದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮಿಲ್ಲಿನ ಸಾಮಾನುಗಳನ್ನೆಲ್ಲ ತೊಳೆದು, ಜಮಖಾನದ ಮೇಲೆ ಸಾಲಾಗಿ ಜೋಡಿಸಿದ್ದರು. ನಡುವೆ ಮದುಮಗನಂತೆ ಕುಳಿತಿದ್ದದ್ದು ಮಿಲ್ಲಿನ ಮಾಲೀಕರಾದ ಸಾಹುಕಾರರು ಹುಬ್ಬಳ್ಳಿಯಿಂದ ತರಿಸಿದ್ದ ದುಬಾರಿ ಕಟಿಂಗ್ ಮಷೀನು. ಅದರ ಪಕ್ಕದಲ್ಲಿ ನನ್ನದನ್ನು ಇಡಹೋದೆ.

“ಅದನ್ನ ಇಲ್ಲಿ ಯಾಕ ತಂದಿಯೋ?” ಎಂದರು ಸಾಹುಕಾರರು. “ದೇವಿ ಮುಂದ ಇಡೂವಷ್ಟು ಕಿಮ್ಮತ್ತ ಐತೇನ ಆ ಡಬ್ಬಾಕ್ಕ?”

ಎಲ್ಲರೂ ನಕ್ಕರು. ನಾನು ಅದನ್ನು ಒಯ್ದು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದೆ. ಇತ್ತ ವಿಭೂತಿ, ಅರಿಷಿಣ, ಕುಂಕುಮ ಸಾಮಾನುಗಳ ಮೇಲೆ ಹಿಡಿಹಿಡಿಯಾಗಿ ಬಿದ್ದವು. ಒಡೆದ ತೆಂಗಿನಕಾಯಿಯ ನೀರನ್ನು ಎಲ್ಲದರ ಮೇಲೂ ಚಿಮುಕಿಸಿದರು.

ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಕೊಡುವತನಕ ಯಾರೂ ಎತ್ತುವುದಿಲ್ಲ. ಆದರೆ ಆರತಿಯಾದೊಡನೆ ದೊಡ್ಡ ಯಂತ್ರಗಳನ್ನು ಒಮ್ಮೆ ಚಾಲೂ ಮಾಡಿ ನಿಲ್ಲಿಸುವುದು ಆ ಮಿಲ್ಲಿನ ರೂಢಿ. ಹಾಗೆ ಚಾಲೂ ಮಾಡಿದಾಗ, ಭತ್ತವನ್ನು ಮೇಲಕ್ಕೊಯ್ಯುವ ಎಲಿವೇಟರಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಅದರ ಪಟ್ಟಾ, ತಿರುಗುವ ಬೆಲ್ಟು, ಒಳಗೆ ಎಳೆದುಕೊಂಡಿತು. ಪಕ್ಕದಲ್ಲಿದ್ದ ಹಮಾಲ, ಪೂಜೆಯ ಮಾಲೆ ಹರಿಯಬಾರದೆಂದು ಕೈ ಹಾಕಿದ. ಸ್ವಿಚ್ಚು ಆರಿಸುವಷ್ಟರಲ್ಲಿ ಬೆಲ್ಟು ಓಡುವ ಪುಲ್ಲಿಯ ಗಾಲಿಗೂ ಅದರ ಮುಂದಿನ ಕಬ್ಬಿಣದ ಪಟ್ಟಿಗೂ ನಡುವೆ ಅವನ ಬಲಗೈ ಮಣಿಕಟ್ಟಿನವರೆಗೆ ಸಿಕ್ಕಿಬಿದ್ದಿತ್ತು.

ಅವನು ನಮ್ಮ ಓಣಿಯವನು, ನನ್ನನ್ನು ಮಾಮಾ ಎನ್ನುತ್ತಿದ್ದವನು. ಬಲಗೈಯಲ್ಲಿ ಕೊಕ್ಕೆ ಹಿಡಿದು ಚೀಲ ಎತ್ತಿದರೆ ಅವನ ಮನೆ ನಡೆಯುತ್ತಿತ್ತು.

ಪುಲ್ಲಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದೆವು. ಬಾಗಿದ ಪಟ್ಟಿ ಅಂಗೈಯೊಳಗೆ ಇನ್ನಷ್ಟು ಒತ್ತಿತು. ಗರಗಸ ಆಡಿಸಲು ಜಾಗವಿರಲಿಲ್ಲ. ಪಟ್ಟಿಯನ್ನು ಕತ್ತರಿಸುವುದೊಂದೇ ದಾರಿ. ಸಾಹುಕಾರರೇ ಓಡಿಹೋಗಿ, ಹೂವು ಕಿತ್ತೆಸೆದು, ಪೂಜೆಯ ಮಷೀನನ್ನು ಎತ್ತಿ ತಂದರು. ಎತ್ತಬಾರದೆಂದು ಒಬ್ಬರೂ ಅನ್ನಲಿಲ್ಲ. ಸ್ವಿಚ್ಚು ಒತ್ತಿದೆ. ಒಳಗಿನಿಂದ ನೀಲಿ ಕಿಡಿ ಹಾರಿತು, ಸುಟ್ಟ ಕೊಬ್ಬರಿಯ ವಾಸನೆ ಬಂತು, ಮಿಲ್ಲಿನ ಫ್ಯೂಜು ಹೋಯಿತು.

ಫ್ಯೂಜು ಕಟ್ಟಿಸಿ, ಗೂಟದ ಮೇಲಿದ್ದ ನನ್ನದನ್ನು ತಂದೆ. ಕಿಡಿ ಬೀಳಬಾರದೆಂದು ಅವನ ಕೈ ಮೇಲೆ ಒದ್ದೆ ಗೋಣಿ ಹೊದಿಸಿ, ಸುತ್ತಲಿನ ತೌಡಿನ ದೂಳಿಗೆ ನೀರು ಸುರಿಸಿದೆ. ಮಷೀನು ಕಬ್ಬಿಣಕ್ಕೆ ಹಲ್ಲು ಹಾಕಿತು. ಸ್ವಲ್ಪ ಹೊತ್ತಿಗೆ ಅದರ ಮೈ ನನ್ನ ಅಂಗೈಯನ್ನು ಸುಡತೊಡಗಿತು. ನಿಲ್ಲಿಸಿದೆ.

ನಿಂತದ್ದೇ ತಡ, ಹಿಂದಿನಿಂದ ಬೈಗುಳ ಕೇಳಿದವು. ಡಬ್ಬಾ ಕೈಕೊಟ್ಟಿತು ಎಂದು ಯಾರೋ ಅಂದರು. ಸಾಹುಕಾರರು ನನ್ನ ಭುಜ ಹಿಡಿದು ಅಲುಗಿಸಿದರು. “ನಿಲ್ಲಿಸಬ್ಯಾಡೋ. ಅವನ ಮಾರಿ ನೋಡು.”

“ಈಗ ನಾ ನಿಲ್ಲಿಸಲಿಲ್ಲಂದ್ರ ಆಮ್ಯಾಲ ಅದ ನಿಲ್ಲತೈತ್ರಿ,” ಎಂದೆ.

ಅವನ ಮುಖವನ್ನು ನಾನು ನೋಡಲಿಲ್ಲ. ನೋಡಿದ್ದರೆ ಸ್ವಿಚ್ಚು ಒತ್ತುತ್ತಿದ್ದೆ. ಮಷೀನಿನ ಮೈ ಮೇಲೆ ಕೈ ಇಟ್ಟುಕೊಂಡು, ಅದು ತಣ್ಣಗಾಗುವುದನ್ನು ಕಾಯುತ್ತ ಕುಳಿತೆ. ಗೋಣಿಯ ಅಂಚಿನಿಂದ ರಕ್ತ ಇಳಿಯುತ್ತಿತ್ತು. ಸಾಹುಕಾರರು ಮತ್ತೆ ಬಾಯಿ ತೆರೆದಾಗ ಮಾತಾಡಿದವನು ಆ ಹಮಾಲನೇ.

“ಸಾಹುಕಾರ್ರ, ಸುಮ್ಮನಿರ್ರಿ. ಮಷೀನ್ ಮಾಮಾಂದು, ಕೈ ನಂದು. ನಿಮಗ್ಯಾಕ ಬೆವರು?”

ಯಾರೂ ನಗಲಿಲ್ಲ. ಮತ್ತೆ ಕತ್ತರಿಸಿದೆ, ಮತ್ತೆ ನಿಲ್ಲಿಸಿದೆ. ಕೊನೆಯ ಸಲ ವಾಸನೆ ಬಂದೇಬಿಟ್ಟಿತು. ಉಳಿದಿದ್ದದ್ದು ಉಗುರಿನಷ್ಟು ಕಬ್ಬಿಣ. ಆಗ ಮಾತ್ರ ನಿಲ್ಲಿಸಲಿಲ್ಲ. ಪಟ್ಟಿ ಕಳಚಿ ಬಿತ್ತು. ಮಿಲ್ಲಿನ ಟೆಂಪೋದಲ್ಲಿ ಅವನನ್ನು ಗಂಗಾವತಿಗೆ ಒಯ್ದರು.

ಕೈ ಉಳಿಯಿತು. ತೋರುಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಕೊಕ್ಕೆ ಬಿಟ್ಟು ಅವನು ಚೀಲಗಳ ಬಾಯಿ ಹೊಲಿಯುವ ಕೆಲಸಕ್ಕೆ ಕುಳಿತ.

ಸಾಹುಕಾರರ ಮಷೀನನ್ನು ನಾನೇ ಬಿಚ್ಚಿದೆ. ಗಾಳಿಯಾಡುವ ಸೀಳುಗಳಿಂದ ಇಳಿದ ಕುಂಕುಮ ತೆಂಗಿನಕಾಯಿಯ ನೀರಿನಲ್ಲಿ ಕಲಸಿಹೋಗಿ ಮೋಟಾರಿಗೆ ಮೆತ್ತಿಕೊಂಡಿತ್ತು. ನನ್ನದು ನೆನೆಯದೆ ಇದ್ದುದರಿಂದ ಓಡಿತು. ನೆನೆಯದೆ ಇದ್ದದ್ದು ಅದನ್ನು ಯಾರೂ ಪೂಜೆಗೆ ಸೇರಿಸದೆ ಇದ್ದುದರಿಂದ. ಇದರಲ್ಲಿ ಅಗ್ಗದ್ದರ ಹಿರಿಮೆ ಏನಿದೆ? ದುಬಾರಿಯದು ನೆನೆಯದೆ ಇದ್ದಿದ್ದರೆ ಎಲ್ಲಿಯೂ ನಿಲ್ಲದೆ ಒಂದೇ ಓಟಕ್ಕೆ ಕತ್ತರಿಸುತ್ತಿತ್ತು. ನಾನು ಕಾಯುತ್ತ ಕುಳಿತಿದ್ದ ಹೊತ್ತಿನಲ್ಲಿಯೇ ಆ ಬೆರಳು ಹೋಯಿತೋ, ಸಿಕ್ಕಿಬಿದ್ದಾಗಲೇ ಹೋಗಿತ್ತೋ ಎಂಬುದನ್ನು ಯಾವ ಡಾಕ್ಟರೂ ನನಗೆ ಖಚಿತವಾಗಿ ಹೇಳಿಲ್ಲ. ಊರಿಗೆ ಈ ಪ್ರಶ್ನೆ ಬೇಕಾಗಿರಲಿಲ್ಲ, ಕಥೆ ಸಿಕ್ಕಿತ್ತು.

ಮುಂದಿನ ವರ್ಷ ಸಾಹುಕಾರರೇ, ಸುಟ್ಟ ತಂತಿ ಬದಲಿಸಿ ನಾನು ಮತ್ತೆ ಓಡುವಂತೆ ಮಾಡಿದ್ದ ನನ್ನ ಮಷೀನನ್ನು ಗೂಟದಿಂದ ಇಳಿಸಿ ಜಮಖಾನದ ನಡುವೆ ಇಟ್ಟರು. ನಾನು ಬೇಡವೆಂದೆ. ಅವರು ಕೇಳಲಿಲ್ಲ. ಆಗ ಆ ಹಮಾಲ ಎದ್ದು ಬಂದ. ಹೊಲಿಯಲು ಇಟ್ಟಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಮಷೀನಿಗೆ ತೊಡಿಸಿ, ಸುತಳಿ ಸುತ್ತಿ, ಮಡಚದ ಬೆರಳನ್ನು ಆಚೆ ಚಾಚಿಕೊಂಡು ಗಂಟು ಹಾಕತೊಡಗಿದ. ಗಂಟು ಎರಡು ಸಲ ಜಾರಿತು. ಪೂಜಾರಿ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದರು. ನಾನು ಕೈ ಚಾಚಿದೆ.

“ತಡಿ ಮಾಮಾ,” ಎಂದ ಅವನು. “ಅವತ್ತ ನಾ ತಡದಿಲ್ಲೇನ?”