ಫ್ರಿಜ್ಜಿಗೆ ಹೋಗಿ ಬಂದ ವೈನ್

ದುಬೈಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ವೈನ್ ಬಡಿಸಿದವನು ನಾನು. ನಾನು ತೆರೆದ ಬಾಟಲಿಗಳನ್ನು ಸಾಲಾಗಿ ಮಲಗಿಸಿದರೆ ಜೆಬೆಲ್ ಅಲಿಯಿಂದ ಅಬುಧಾಬಿ ಮುಟ್ಟಿ ಇನ್ನೂ ಒಂದಿಷ್ಟು ಮಿಕ್ಕೀತು. ಯಾರೂ ಎಣಿಸಿಟ್ಟಿಲ್ಲವಾದ್ದರಿಂದ ಸುಳ್ಳೆಂದು ಯಾರೂ ಹೇಳುವ ಹಾಗಿಲ್ಲ. ಈಗ ನಿವೃತ್ತ. ಹೆಂಡತಿಯ ಜೊತೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ, ಅವಳದೇ ವೀಸಾದ ಮೇಲೆ.

ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ನಾನು ಒಂದು ಆಟ ಆಡಿಸುತ್ತಿದ್ದೆ. ಒಂದೇ ಕೆಂಪು ವೈನಿನ ಎರಡು ಬಾಟಲಿ. ಒಂದನ್ನು ಗಂಟೆ ಮೊದಲೇ ತೆರೆದು ಅಗಲ ಬಾಯಿಯ ಜಗ್ಗಿಗೆ ಸುರಿದಿಡುವುದು, ಇನ್ನೊಂದನ್ನು ಅವರೆದುರೇ ತೆರೆಯುವುದು. ಎರಡರಲ್ಲಿ ದುಬಾರಿ ಯಾವುದು ಹೇಳಿ ಎಂದರೆ ಎಲ್ಲರೂ ಜಗ್ಗಿನದ್ದನ್ನೇ ತೋರಿಸುತ್ತಿದ್ದರು. ಎರಡೂ ಒಂದೇ ಎಂದಾಗ ಅವರ ಮುಖ ನೋಡುವುದೇ ನನ್ನ ಸಂಬಳ. ಇದರಲ್ಲಿ ಮಾಟವೇನಿಲ್ಲ. ಎಳೆಯ ಕೆಂಪು ವೈನ್ ತೆರೆದ ಕೂಡಲೇ ಗೇರುಹಣ್ಣಿನ ಹಾಗೆ ನಾಲಿಗೆಯನ್ನು ಹಿಡಿಯುತ್ತದೆ, ಪರಿಮಳ ಒಳಗೇ ಕೂತಿರುತ್ತದೆ. ಸ್ವಲ್ಪ ಹೊತ್ತು ಗಾಳಿ ಕುಡಿಸಿದರೆ ಒಗರು ತಗ್ಗಿ, ಹಣ್ಣಿನ ವಾಸನೆ ಮೇಲೆ ಬರುತ್ತದೆ. ಬರೇ ಬಿರಡೆ ತೆಗೆದಿಟ್ಟರೆ ಸಾಲದು. ಬಾಟಲಿಯ ಕುತ್ತಿಗೆಯಲ್ಲಿ ಗಾಳಿ ತಾಗುವುದು ಒಂದು ನಾಣ್ಯದಷ್ಟು ಜಾಗಕ್ಕೆ ಮಾತ್ರ.

ನನ್ನ ಅಳಿಯ ಬೇರೊಂದು ಹೋಟೆಲಿನ ಬ್ಯಾಂಕ್ವೆಟ್‌ನಲ್ಲಿ, ಅಂದರೆ ಮದುವೆ-ಪಾರ್ಟಿಗಳ ಹಾಲಿನಲ್ಲಿ, ಎಂಟು ವರ್ಷದಿಂದ ತಟ್ಟೆ ಹೊರುತ್ತಿದ್ದ. ಈ ವರ್ಷ ಮೊದಲ ಸಲ, ರೆಸ್ಟೋರೆಂಟಿನಲ್ಲಿ ವೈನ್ ಬಡಿಸುವ ಹುದ್ದೆಯ ಪಟ್ಟಿಯಲ್ಲಿ ಅವನ ಹೆಸರು ಬಂತು. ಮಂಗಳವಾರ ಮ್ಯಾನೇಜರ್ ಎದುರು ರುಚಿ ನೋಡಿ ಹೇಳುವ ಪರೀಕ್ಷೆ. ಭಾನುವಾರ ಸಂಜೆ ನಾನು ಅವನನ್ನು ತಯಾರು ಮಾಡುವುದೆಂದಾಯಿತು. ನನ್ನಂಥ ಮಾವ ಎಲ್ಲರಿಗೂ ಸಿಗುವುದಿಲ್ಲ.

ಮೂರು ಗಂಟೆಗೆ ಒಂದು ಬಾಟಲಿಯನ್ನು ಜಗ್ಗಿಗೆ ಸುರಿದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. “ಇದನ್ನು ಮುಟ್ಟಬೇಡ,” ಎಂದು ಹೆಂಡತಿಗೆ ಹೇಳಿ ಮಲಗಿದೆ. ನಾಲ್ಕಕ್ಕೆ ಎದ್ದಾಗ ಜಗ್ಗು ಅಲ್ಲೇ ಇತ್ತು. ಅಳಿಯನೆದುರೇ ಇನ್ನೊಂದು ಬಾಟಲಿ ತೆರೆದು, ಜಗ್ಗಿನದ್ದೊಂದು, ಬಾಟಲಿಯದ್ದೊಂದು ಗ್ಲಾಸು ತುಂಬಿಸಿ, ಎದೆ ಉಬ್ಬಿಸಿ ಅವನ ಮುಂದಿಟ್ಟೆ.

“ಒಂದು ಸೋವಿ ಮಾಲು, ಇನ್ನೊಂದು ಮೂರು ಪಟ್ಟು ರೇಟಿನದ್ದು. ಯಾವುದು ಯಾವುದು ಹೇಳು ನೋಡುವ,” ಎಂದೆ.

ಅವನು ಮೂಸಿದ, ಕುಡಿದ, ಮತ್ತೆ ಮೂಸಿದ. ಆಮೇಲೆ ಆಗಷ್ಟೇ ತೆರೆದ ಬಾಟಲಿಯ ಗ್ಲಾಸನ್ನು ಮುಂದೆ ತಳ್ಳಿದ. “ಇದು ಒಳ್ಳೇದು ಮಾವ. ಆ ಜಗ್ಗಿನದ್ದು ಭಾರೀ ಒಗರು, ವಾಸನೆಯೇ ಇಲ್ಲ. ಸ್ವಲ್ಪ ತಂಪು ಕೂಡ ಉಂಟು.”

“ಎಸಿ ಹಾಕಿದ್ದು ಕಾಣುದಿಲ್ವಾ? ತಂಪಾಗದೆ ಬಿಸಿ ಆಗ್ತದಾ? ಮಾರಾಯ, ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಉಲ್ಟಾ ಹೇಳಿದ್ದಿಲ್ಲ! ಬ್ಯಾಂಕ್ವೆಟ್‌ನ ಬಿರಿಯಾನಿ ತಿಂದು ತಿಂದು ನಿನ್ನ ನಾಲಿಗೆ ಖಲಾಸ್!”

ನಾನು ಹೊಟ್ಟೆ ಹಿಡಿದು ನಕ್ಕೆ. ಅವನು ನಗಲಿಲ್ಲ. ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

“ಹಾಗಾದ್ರೆ ನಾಳೆ ಹೇಳಿ ಹೆಸರು ತೆಗೆಸ್ತೇನೆ ಮಾವ. ಎಲ್ಲರೆದುರು ಮರ್ಯಾದೆ ಯಾಕೆ ಕಳೆದುಕೊಳ್ಳುದು? ನಂಗೆ ಬ್ಯಾಂಕ್ವೆಟ್ಟೇ ಸಾಕು.”

ಅವನು ಬಾಲ್ಕನಿಗೆ ಹೋದ. ಜಗ್ಗಿನ ವೈನನ್ನು ನಾನು ಒಂದು ಗುಟುಕು ಕುಡಿದೆ. ಹಲ್ಲು ಜುಮ್ಮೆಂದಿತು. ಅದು ಎಸಿಯ ತಂಪಲ್ಲ.

ಅಡುಗೆಮನೆಗೆ ಹೋದರೆ ಹೆಂಡತಿ, ತೊಳೆದಿಟ್ಟ ಸಿಂಕನ್ನೇ ಮತ್ತೆ ಉಜ್ಜುತ್ತಿದ್ದಳು.

“ಜಗ್ಗನ್ನು ಎಂತ ಮಾಡಿದ್ದು ನೀನು?”

“ಎಂತ ಮಾಡುದು? ತೆರೆದದ್ದನ್ನು ಹಾಗೇ ಹೊರಗಿಡ್ತಾರಾ ಯಾರಾದ್ರೂ? ಪ್ಲೇಟು ಮುಚ್ಚಿ ಫ್ರಿಜ್ಜಲ್ಲಿಟ್ಟೆ. ಆಮೇಲೆ ನೀವು ಹೇಳಿದ್ದು ನೆನಪಾಯ್ತು, ಒರೆಸಿ ವಾಪಸ್ ಇಟ್ಟೆ.”

ಅವಳದ್ದು ತಪ್ಪೆನ್ನುವ ಹಾಗೂ ಇಲ್ಲ. ನಾವು ಇಲ್ಲಿಗೆ ಬಂದ ಮೊದಲ ಆಗಸ್ಟಿನಲ್ಲಿ ಎಸಿ ಕೆಟ್ಟು, ಮಧ್ಯಾಹ್ನದ ಮೀನುಸಾರು ಸಂಜೆಗೆ ಹಳಸಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಮುಚ್ಚಳ ತೆಗೆದದ್ದೆಲ್ಲ ಫ್ರಿಜ್ಜಿಗೆ. ಅನ್ನ, ಬಾಳೆಹಣ್ಣು, ಕಡೆಗೆ ತೆಂಗಿನೆಣ್ಣೆ ಕೂಡ. ತಲೆಗೆ ಹಚ್ಚಲು ಚಮಚದಲ್ಲಿ ಕೆರೆದು ತೆಗೆಯಬೇಕು. ಆದರೆ ಕೆಂಪು ವೈನ್ ತಣ್ಣಗಾದರೆ ಪರಿಮಳ ಹುದುಗಿಹೋಗುತ್ತದೆ, ಒಗರು ಎದ್ದು ಕಾಣುತ್ತದೆ. ಗಾಳಿ ಮಾಡಿದ ಕೆಲಸವನ್ನೆಲ್ಲ ಆ ಫ್ರಿಜ್ಜು ಮುಚ್ಚಿ ಹಾಕಿತ್ತು. ಅಳಿಯನ ನಾಲಿಗೆ ಸರಿಯಾಗಿತ್ತು. ಕೆಟ್ಟದ್ದು, ಕುಡಿದು ನೋಡದೆಯೇ ತೀರ್ಪು ಕೊಟ್ಟ ನನ್ನ ತಲೆ.

ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲ. ಬಾಲ್ಕನಿಗೆ ಹೋಗಿ ಅವನ ಬೆನ್ನಿಗೆ ಜೋರಾಗಿ ಒಂದು ಬಡಿದೆ.

“ಪಾಸ್ ಮಾರಾಯ, ಪಾಸ್! ಎರಡೂ ಒಂದೇ ವೈನು. ಜಗ್ಗನ್ನು ಬೇಕಂತಲೇ ಫ್ರಿಜ್ಜಲ್ಲಿಟ್ಟದ್ದು ನಾನು. ಮಾವ ಹೇಳಿದ ಅಂತ ಮಾತು ಬದಲಿಸ್ತೀಯೋ ಇಲ್ವೋ ಅಂತ ನೋಡ್ಲಿಕ್ಕೆ.”

“ಹಾಗಾದ್ರೆ ನನ್ನ ನಾಲಿಗೆ?”

“ನನ್ನದಕ್ಕಿಂತ ಸ್ವಲ್ಪ ಕಡಿಮೆ. ಬಾ.”

ಜಗ್ಗನ್ನು ಮೇಜಿನ ಮೇಲೆ ಇಟ್ಟುಕೊಂಡು ಇಬ್ಬರೂ ಕಾದೆವು. ಹತ್ತು ನಿಮಿಷಕ್ಕೊಮ್ಮೆ ಅವನು ಒಂದು ಗುಟುಕು ನೋಡಿದ. ಮೂರನೇ ಸಲಕ್ಕೆ ಒಗರು ಇಳಿದಿತ್ತು. ಐದನೇ ಸಲ ಕಣ್ಣರಳಿಸಿ, “ಮಾವ, ಈಗ ನೇರಳೆಹಣ್ಣಿನ ವಾಸನೆ ಬಂತು! ಬಾಟಲಿದ್ದಕ್ಕಿಂತ ಈಗ ಇದೇ ಲಾಯ್ಕುಂಟು,” ಎಂದ. ಆ ಬದಲಾವಣೆಯನ್ನು ನನ್ನ ಮೂವತ್ತು ವರ್ಷದ ಆಟ ಯಾರಿಗೂ ಅಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಹೆಸರು ತೆಗೆಸುವ ಮಾತು ಅವನು ಮತ್ತೆ ಆಡಲಿಲ್ಲ.

ಮಂಗಳವಾರ ಮ್ಯಾನೇಜರ್ ಇಟ್ಟದ್ದೂ ಎರಡು ಗ್ಲಾಸು. ಮೊದಲು ಹೋದವರು ಒಂದು ಅಗ್ಗದ್ದು, ಒಂದು ದುಬಾರಿ ಎಂದರಂತೆ. ಇವನು ಎರಡನ್ನೂ ಎರಡೆರಡು ಸಲ ನೋಡಿ, ವೈನ್ ಒಂದೇ, ಒಂದಕ್ಕೆ ಗಾಳಿ ತಾಗಿದೆ, ಇನ್ನೊಂದನ್ನು ಈಗಷ್ಟೇ ತೆರೆದಿದ್ದೀರಿ ಎಂದನಂತೆ. ಹುದ್ದೆ ಸಿಕ್ಕಿತು. ಈಗ ಅವನೂ ಹೊಸಬರಿಗೆ ಕಲಿಸುವಾಗ ಜಗ್ಗನ್ನು ಫ್ರಿಜ್ಜಿನಲ್ಲಿಟ್ಟೇ ಶುರು ಮಾಡುವುದು, ನಮ್ಮ ಮಾವನ ವಿದ್ಯೆ ಎಂದು ಹೇಳಿಕೊಂಡು.

ನಿಜ ಗೊತ್ತಿರುವುದು ನನ್ನ ಹೆಂಡತಿಗೆ ಮಾತ್ರ. ಅವಳು ಬಾಯಿ ಮುಚ್ಚಿಕೊಂಡಿರುವುದಕ್ಕೆ ರಾತ್ರಿಯೂಟದ ತಟ್ಟೆಗಳನ್ನು ನಾನು ತೊಳೆಯುತ್ತೇನೆ. ಮೊನ್ನೆ ಊಟದ ನಡುವೆ ಅಳಿಯ ಆ ಕತೆಯನ್ನು ಮತ್ತೆ ತೆಗೆದು, “ಮಾವನ ತಲೆಯೇ ತಲೆ,” ಎಂದ. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ, ತಳ ಹಿಡಿದ ಕುಕ್ಕರನ್ನೂ ನನ್ನ ಕಡೆಗೆ ಸರಿಸಿದಳು.